ಮೊದಲು ಲೈಸೆನ್ಸ್, ಆಮೇಲೆ ಸೆಟ್: ಹ್ಯಾಮ್ ರೇಡಿಯೊಗೆ ಬರುವ ಹೊಸಬರಿಗೆ

ಆನ್‌ಲೈನ್ ಅಂಗಡಿಯಲ್ಲಿ ವಾಕಿಟಾಕಿ ಎಂದು ಹುಡುಕಿದರೆ ಸಾಲು ಸಾಲಾಗಿ ಕಪ್ಪು ಸೆಟ್‌ಗಳು ಕಾಣುತ್ತವೆ. ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ, ಜಾಹೀರಾತಿನಲ್ಲಿ 'ಹತ್ತು ಕಿಲೋಮೀಟರ್ ರೇಂಜ್' ಎಂಬ ಭರವಸೆ ಬೇರೆ. ತರಿಸಿಕೊಂಡು, ಗುಂಡಿ ಒತ್ತಿ ಮಾತಾಡಿದರೆ ಕೆಲಸ ಮಾಡುತ್ತದೆ ಕೂಡ. ಆದರೆ ಅವುಗಳಲ್ಲಿ ಬಹುಪಾಲು ಸೆಟ್‌ಗಳನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಅಪರಾಧ. ಬಳಸಿದರೆ ಮಾತ್ರ ತಪ್ಪು, ಕಪಾಟಿನಲ್ಲಿದ್ದರೆ ಪರವಾಗಿಲ್ಲ ಎಂದುಕೊಂಡವರು ಬಹಳ ಮಂದಿ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಹಿಡಿದದ್ದೇ ಈ 'ಬಳಿಯಲ್ಲಿ ಇಟ್ಟುಕೊಳ್ಳುವ' ವಿಷಯವನ್ನು. 'ನಾನು ಮಾತಾಡಲ್ಲ, ಬರೀ ಕೇಳ್ತೀನಿ' ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ, ಏಕೆಂದರೆ ನಿಮ್ಮ ಕೈಯಲ್ಲಿರುವುದು ಪ್ರಸಾರ ಮಾಡಬಲ್ಲ ಯಂತ್ರ.

ಹಾಗಾಗಿ ಹ್ಯಾಮ್ ರೇಡಿಯೊ ಎಂಬ ಈ ಹವ್ಯಾಸದಲ್ಲಿ ಕೆಲಸದ ಕ್ರಮ ಮುಖ್ಯ. ಪರೀಕ್ಷೆ, ಲೈಸೆನ್ಸ್, ಸೆಟ್, ಆಂಟೆನಾ: ಈ ಸಾಲಿನಲ್ಲೇ ಹೋಗಬೇಕು. ಖರ್ಚಿನ ಲೆಕ್ಕ ಹಾಕುವಾಗ ಮಾತ್ರ ಕೊನೆಯ ಎರಡನ್ನು ಅದಲುಬದಲು ಮಾಡಿಕೊಳ್ಳಿ. ಆಂಟೆನಾಗೆ ಮೊದಲು ದುಡ್ಡು ತೆಗೆದಿಟ್ಟು, ಉಳಿದಿದ್ದರಲ್ಲಿ ಸೆಟ್.

ನಿಮಗೆ ಬೇಕಿರುವುದು ಹ್ಯಾಮ್ ಹೌದೋ ಅಲ್ಲವೋ

ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ, ಪ್ರಯೋಗಕ್ಕಾಗಿ, ಇತರ ಹ್ಯಾಮ್‌ಗಳ ಜೊತೆ ಮಾತಿಗಾಗಿ ಇರುವ ಸೇವೆ. ವ್ಯಾಪಾರದ ಮಾತು ಅಲ್ಲಿ ನಿಷಿದ್ಧ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ರೈಟರ್‌ಗೂ ಮೇಸ್ತ್ರಿಗೂ ಒಂದೊಂದು ಸೆಟ್ ಕೊಟ್ಟರೆ ಚೆನ್ನ ಎನ್ನುವವರಿಗೆ ಹ್ಯಾಮ್ ಲೈಸೆನ್ಸ್ ಉಪಯೋಗಕ್ಕೆ ಬರುವುದಿಲ್ಲ. ಅದು ವ್ಯವಹಾರದ ಬಳಕೆ, ಅದಕ್ಕೆ ಬೇರೆಯೇ ಪರವಾನಗಿ, ಬೇರೆಯೇ ತರಂಗಾಂತರ (ಫ್ರೀಕ್ವೆನ್ಸಿ). ಮಲ್ಪೆ, ಕಾರವಾರದ ದೋಣಿಗಳಲ್ಲಿ ಬಳಸುವ ಸಾಗರ ವಿಎಚ್‌ಎಫ್ ಕೂಡ ಬೇರೆ ಲೋಕ. ಅಲ್ಲಿ 156.800 ಮೆಗಾಹರ್ಟ್ಸ್ ತುರ್ತು ಕರೆಯ ಚಾನೆಲ್. ಅಗ್ಗದ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್, ಆ ಸಂಖ್ಯೆಯನ್ನು ಒತ್ತಿಸಿಕೊಳ್ಳುತ್ತದೆ ನಿಜ, ಹಾಗಂತ ಒತ್ತುವ ಹಕ್ಕು ನಿಮಗೆ ಬಂದಂತಲ್ಲ.

ಮದುವೆ ಮನೆ, ಅಪಾರ್ಟ್‌ಮೆಂಟಿನ ಗೇಟು, ಚಾರಣದ ಗುಂಪು ಇಂಥವಕ್ಕೆ ಲೈಸೆನ್ಸ್ ಬೇಡದ ಸೆಟ್‌ಗಳಿವೆ. 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿ ಇದಕ್ಕೆ ಮುಕ್ತ. ಕೊಳ್ಳುವಾಗ ಎರಡು ಸಂಗತಿ ನೋಡಿ. ಸೆಟ್ ಆ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುವಂತಿರಬೇಕು. ಅದಕ್ಕೆ ಇಟಿಎ, ಅಂದರೆ ಸಲಕರಣೆಯ ಮಾದರಿ ಅನುಮೋದನೆ ಇರಬೇಕು. ಮಾರುವವನ ಬಳಿ ಆ ಪ್ರಮಾಣಪತ್ರ ಕೇಳಿ. 'ಲೈಸೆನ್ಸ್ ಫ್ರೀ ಸಾರ್' ಎಂಬ ಬಾಯಿಮಾತು ಸಾಲದು. ಅನುಮತಿ ಬೇಕಾದ ಸೆಟ್‌ಗಳನ್ನೂ ಹಾಗೆಯೇ ಮಾರುತ್ತಿದ್ದರೆಂದೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಗೆ ನೋಟಿಸ್ ಕೊಟ್ಟು, ವಾಕಿಟಾಕಿ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಬೇಕಾಯಿತು.

ಅಮೆರಿಕದಲ್ಲಿರುವ ಮಗನೋ ತಂಗಿಯೋ ಊರಿಗೆ ಬರುವಾಗ ಜೋಡಿ ವಾಕಿಟಾಕಿ ತರುವುದುಂಟು. ಅಲ್ಲಿ ಅಂಗಡಿಯ ಕಪಾಟಿನಲ್ಲೇ ಸಿಗುವ ಎಫ್‌ಆರ್‌ಎಸ್ ಸೆಟ್‌ಗಳು 462 ಮತ್ತು 467 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಕಾನೂನುಬದ್ಧ, ಇಲ್ಲಿ ಅಲ್ಲ. ಮಕ್ಕಳ ಆಟಿಕೆಯಂತೆ ಕಂಡರೂ ತರಬೇಡಿ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದನ್ನೆಲ್ಲ ಓದಿಯೂ 'ಅಲ್ಲ, ನನಗೆ ರೇಡಿಯೊ ಬಗ್ಗೆಯೇ ಆಸಕ್ತಿ' ಎಂದರೆ ಮುಂದಿನದು ನಿಮಗೆ.

ಪರೀಕ್ಷೆ ಮತ್ತು ಲೈಸೆನ್ಸ್

ಹ್ಯಾಮ್ ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ಪರವಾನಗಿ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗ. ಆಧಾರ, 1978ರ ಅಮೆಚೂರ್ ಸೇವಾ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳು. 12 ವರ್ಷ ತುಂಬಿದ ಯಾರೂ ಪರೀಕ್ಷೆ ಬರೆಯಬಹುದು. ಎಂಜಿನಿಯರಿಂಗ್ ಓದಿರಬೇಕೆಂದೇನೂ ಇಲ್ಲ, ಹೈಸ್ಕೂಲಿನ ಭೌತಶಾಸ್ತ್ರ ನೆನಪಿದ್ದರೆ ಅರ್ಧ ದಾರಿ ಸವೆದಂತೆ.

ಎರಡು ದರ್ಜೆಗಳಿವೆ: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ಗೆ ವಿಯು3 ಎಂದು ಶುರುವಾಗುವ ಕಾಲ್ ಸೈನ್ (ಪ್ರಸಾರದಲ್ಲಿ ನಿಮ್ಮ ಗುರುತಿನ ಹೆಸರು), ಜನರಲ್‌ಗೆ ವಿಯು2. ಎರಡಕ್ಕೂ ಲಿಖಿತ ಪರೀಕ್ಷೆಯಲ್ಲಿ ಎರಡು ಭಾಗ: ರೇಡಿಯೊ ಸಿದ್ಧಾಂತ ಮತ್ತು ನಿಯಮಾವಳಿ. ಜನರಲ್‌ಗೆ ಇದರ ಮೇಲೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕೂಡ ಸೇರುತ್ತದೆ, ನಿಮಿಷಕ್ಕೆ 8 ಪದಗಳ ವೇಗ. ರಿಸ್ಟ್ರಿಕ್ಟೆಡ್‌ನಲ್ಲಿ ಪಾಸಾಗಲು ಪ್ರತಿ ಭಾಗದಲ್ಲಿ ಶೇ. 40 ಮತ್ತು ಒಟ್ಟಾರೆ ಶೇ. 50, ಜನರಲ್‌ಗೆ ಪ್ರತಿ ಭಾಗದಲ್ಲಿ ಶೇ. 50, ಒಟ್ಟಾರೆ ಶೇ. 55. ಹೊಸಬರು ರಿಸ್ಟ್ರಿಕ್ಟೆಡ್ ಬರೆಯುವುದೇ ಜಾಣತನ. ಮೋರ್ಸ್ ಕಲಿತ ಮೇಲೆ ಬರೆಯೋಣ ಎಂದು ಕುಳಿತವರ ಪೈಕಿ ಅನೇಕರು ಪರೀಕ್ಷೆಯನ್ನೇ ಬರೆಯುವುದಿಲ್ಲ.

ಓದಬೇಕಾದದ್ದು ಹೀಗೆ. ಸಿದ್ಧಾಂತಕ್ಕೆ ಓಮ್‌ನ ನಿಯಮ, ರೆಸಿಸ್ಟರ್ ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಮತ್ತು ಸಮಾಂತರವಾಗಿ ಜೋಡಿಸಿದಾಗಿನ ಲೆಕ್ಕ, ಅನುರಣನ, ಡಯೋಡು, ಟ್ರಾನ್ಸಿಸ್ಟರು, ಆಸಿಲೇಟರು, ಎಎಂ, ಎಫ್‌ಎಂ, ಎಸ್‌ಎಸ್‌ಬಿ ನಡುವಿನ ವ್ಯತ್ಯಾಸ, ಸೂಪರ್‌ಹೆಟ್ ರಿಸೀವರಿನ ಬ್ಲಾಕ್ ಚಿತ್ರ, ಆಂಟೆನಾ, ಅಯಾನುಗೋಳದಲ್ಲಿ ಅಲೆಗಳ ಪ್ರಸರಣ. ನಿಯಮಾವಳಿಗೆ ಕ್ಯೂ ಕೋಡ್, ಅಕ್ಷರಗಳ ಉಚ್ಚಾರ ಪಟ್ಟಿ (ಎಗೆ ಆಲ್ಫಾ, ಬಿಗೆ ಬ್ರಾವೊ ಎನ್ನುವಂಥದು), ಲಾಗ್ ಎಂಬ ಮಾತುಕತೆಯ ದಾಖಲೆ ಬರೆಯುವ ಕ್ರಮ, ಭಾರತಕ್ಕೆ ಕೊಟ್ಟಿರುವ ಬ್ಯಾಂಡ್‌ಗಳು (ತರಂಗಾಂತರದ ಪಟ್ಟಿಗಳು), ಆಪತ್ತಿನ ಕರೆಯ ವಿಧಾನ. ಎಡವುವವರು ಎಡವುವುದು ಬಹುತೇಕ ಎರಡನೆಯ ಭಾಗದಲ್ಲಿ. ಲೆಕ್ಕ ಗೊತ್ತಿದ್ದವರು ಅದನ್ನು ಹಗುರವಾಗಿ ಕಂಡು ಓದದೆ ಹೋಗುತ್ತಾರೆ, ಪ್ರತಿ ಭಾಗಕ್ಕೂ ಬೇರೆ ಬೇರೆ ಕನಿಷ್ಠ ಅಂಕವಿರುವುದನ್ನು ಮರೆತಿರುತ್ತಾರೆ.

ಅರ್ಜಿ ಹಾಕುವುದು ಸರಳ್ ಸಂಚಾರ್ ಜಾಲತಾಣದಲ್ಲಿ. ಖಾತೆ ತೆರೆದು, ಫೋಟೊ, ಗುರುತಿನ ದಾಖಲೆ, ವಿಳಾಸದ ದಾಖಲೆ ಏರಿಸಿ, ಶುಲ್ಕ ಕಟ್ಟಬೇಕು. ಪರೀಕ್ಷೆ ನಡೆಸುವುದು ವೈರ್‌ಲೆಸ್ ಮಾನಿಟರಿಂಗ್ ಕೇಂದ್ರಗಳು. ಕರ್ನಾಟಕದವರಿಗೆ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ಹೆಸರು, ಜನ್ಮದಿನಾಂಕ, ವಿಳಾಸ ಎಲ್ಲ ದಾಖಲೆಗಳಲ್ಲೂ ಅಕ್ಷರಶಃ ಒಂದೇ ರೀತಿ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆಯ ಹೆಸರುಗಳಿಗೆ ಇದು ತಪ್ಪದ ತೊಡಕು.

ಪರೀಕ್ಷೆ ಪಾಸಾಯಿತೆಂದರೆ ಲೈಸೆನ್ಸ್ ಬಂತೆಂದಲ್ಲ. ಫಲಿತಾಂಶದ ಬಳಿಕ ಲೈಸೆನ್ಸಿಗೆ ಪ್ರತ್ಯೇಕ ಶುಲ್ಕ ಕಟ್ಟಬೇಕು: 20 ವರ್ಷಕ್ಕೆ 1000 ರೂಪಾಯಿ, ಜೀವಮಾನಕ್ಕೆ 2000. ಜೀವಮಾನದ್ದನ್ನೇ ತೆಗೆದುಕೊಳ್ಳಿ, ನವೀಕರಣದ ತಲೆನೋವು ತಪ್ಪುತ್ತದೆ. ಕಾಲ್ ಸೈನ್ ಇರುವ ಲೈಸೆನ್ಸ್ ಕೈಗೆ ಬರುವವರೆಗೆ ಸೆಟ್ ಕೊಳ್ಳಬೇಡಿ, ಗೆಳೆಯನ ಸೆಟ್ ತಂದು ಮನೆಯಲ್ಲಿಯೂ ಇಡಬೇಡಿ.

ಓದಿಗೆ ಜೊತೆ ಬೇಕೆನಿಸಿದರೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಮಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇವೆ. ಕ್ಲಬ್ಬಿಗೆ ಹೋದರೆ ಪುಸ್ತಕದಲ್ಲಿ ಸಿಗದ ಒಂದು ಲಾಭವಿದೆ: ನಿಮ್ಮ ಬಡಾವಣೆಯಿಂದ ಯಾವ ರಿಪೀಟರ್ (ನಿಮ್ಮ ಮಾತನ್ನು ಎತ್ತಿ ಮರುಪ್ರಸಾರ ಮಾಡುವ ಕೇಂದ್ರ) ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹೇಳುವವರು ಅಲ್ಲಿರುತ್ತಾರೆ.

ಕಾಯುವ ದಿನಗಳಲ್ಲಿ

ಇಂಟರ್ನೆಟ್ಟಿನಲ್ಲಿ ಬ್ರೌಸರ್ ಮೂಲಕವೇ ಕೇಳಬಹುದಾದ ರೇಡಿಯೊ ರಿಸೀವರುಗಳಿವೆ. ನೆದರ್ಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಇವುಗಳಲ್ಲಿ ಹೆಸರುವಾಸಿ. 14.150ರಿಂದ 14.300 ಮೆಗಾಹರ್ಟ್ಸ್ ನಡುವೆ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್ ಇಟ್ಟು ಕೇಳಿ. 7 ಮೆಗಾಹರ್ಟ್ಸಿನಲ್ಲಿ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್) ಇಡಬೇಕು. ತಪ್ಪು ಮೋಡ್ ಇಟ್ಟರೆ ಬಾತುಕೋಳಿ ಕೂಗಿದಂತೆ ಕೇಳಿ, ರಿಸೀವರ್ ಕೆಟ್ಟಿದೆ ಅನ್ನಿಸುತ್ತದೆ. ಕಾಲ್ ಸೈನ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತ ಹೋದರೆ ಉಚ್ಚಾರ ಪಟ್ಟಿ ತಾನಾಗಿ ಬಾಯಿಗೆ ಬರುತ್ತದೆ. ಪರೀಕ್ಷೆಯ ಒಂದು ಪಾಠ ಓದದೆಯೇ ಮುಗಿಯಿತು.

ಸೆಟ್ ಆರಿಸುವುದು

ಮೊದಲ ಸೆಟ್ ಹ್ಯಾಂಡಿಯೇ ಆಗಿರಲಿ, 2 ಮೀಟರ್ ಮತ್ತು 70 ಸೆಂಟಿಮೀಟರ್ ಎರಡೂ ಬ್ಯಾಂಡ್ ಇರುವಂಥದು. ಭಾರತದಲ್ಲಿ ಹ್ಯಾಮ್‌ಗಳಿಗೆ ಇವೆರಡರಲ್ಲಿ ಇರುವುದು ಕ್ರಮವಾಗಿ 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್. ಈ ನಾಲ್ಕು ಸಂಖ್ಯೆಗಳನ್ನು ಬಾಯಿಪಾಠ ಮಾಡಿ. ಅಮೆರಿಕದ ವಿಡಿಯೊಗಳಲ್ಲಿ 146.520 ಎಂದು ಹೇಳುವುದು ಅವರ ಬ್ಯಾಂಡ್ 148ರವರೆಗೆ ಇರುವುದರಿಂದ. ಯುರೋಪಿನ ಚಾನೆಲ್ ಪಟ್ಟಿಗಳಲ್ಲಿ 430ರಿಂದ 440ರವರೆಗೂ ಇರುತ್ತದೆ. ಆ ಪಟ್ಟಿಗಳನ್ನು ಇಳಿಸಿಕೊಂಡು ಸೆಟ್ಟಿಗೆ ತುಂಬಿದರೆ ನಿಮಗೆ ಗೊತ್ತಿಲ್ಲದೆಯೇ ಬೇರೆಯವರ ತರಂಗಾಂತರದಲ್ಲಿ ಮಾತಾಡಿರುತ್ತೀರಿ.

ಬಾವ್‌ಫೆಂಗ್ ಯುವಿ-5ಆರ್ ಮಾದರಿಯ ಚೀನೀ ಸೆಟ್‌ಗಳು ಅಗ್ಗ, 4 ವ್ಯಾಟ್ ಸುಮಾರಿನ ಶಕ್ತಿ, 128 ಚಾನೆಲ್. ಅವುಗಳ ದೋಷವೂ ಗೊತ್ತಿರಲಿ. ರಿಸೀವರಿನ ಮುಂಭಾಗದ ಶೋಧನೆ ದುರ್ಬಲ; ಬೆಂಗಳೂರಿನಂಥ ಊರಲ್ಲಿ ಟವರ್‌ಗಳ ನಡುವೆ, ಅದರಲ್ಲೂ ಮಹಡಿಯ ಆಂಟೆನಾಗೆ ಸಿಕ್ಕಿಸಿದಾಗ, ಪ್ರಬಲ ಸಿಗ್ನಲ್‌ಗಳ ಒತ್ತಡಕ್ಕೆ ಕಿವುಡಾಗುತ್ತವೆ. ಹೊರಗಿನ ಆಂಟೆನಾ ಹಾಕಿದ ಮೇಲೆ ಇನ್ನೂ ಕಡಿಮೆ ಕೇಳಿಸುತ್ತಿದೆ ಎಂಬ ವಿಚಿತ್ರ ದೂರಿಗೆ ಕಾರಣ ಇದೇ. ಇನ್ನೊಂದು ದೋಷ, ಅದು 136ರಿಂದ 174ರವರೆಗೆ ಎಲ್ಲೆಡೆ ಪ್ರಸಾರ ಮಾಡುತ್ತದೆ. ತಡೆಯುವ ಬೇಲಿ ಸೆಟ್ಟಿನಲ್ಲಿಲ್ಲ, ನಿಮ್ಮ ಎಚ್ಚರವೇ ಬೇಲಿ. ಯಾಸು ಎಫ್‌ಟಿ-65ಆರ್‌ನಂಥ ಸೆಟ್‌ಗೆ ಹೆಚ್ಚು ಬೆಲೆ, ಆದರೆ ರಿಸೀವರ್ ಗಟ್ಟಿ. ನಗರದ ನಡುವೆ ಇರುವವರು ಸ್ವಲ್ಪ ಕೂಡಿಟ್ಟು ಅಂಥದ್ದನ್ನೇ ಕೊಳ್ಳುವುದು ಮೇಲು. ಊರಾಚೆ, ಮಲೆನಾಡಿನ ಹಳ್ಳಿಯಲ್ಲಿ ಇರುವವರಿಗೆ ಅಗ್ಗದ್ದೇ ಸಾಕು.

'8 ವ್ಯಾಟ್', '10 ವ್ಯಾಟ್' ಎಂದು ಬರೆದ ಹ್ಯಾಂಡಿಗಳಿಗೆ ಮರುಳಾಗಬೇಡಿ. ಶಕ್ತಿ ಇಮ್ಮಡಿಯಾದರೆ ಎದುರಿನವರಿಗೆ ಹೆಚ್ಚುವುದು 3 ಡೆಸಿಬೆಲ್, ಅಂದರೆ ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಅರ್ಧ ಗೆರೆ. ದೂರವನ್ನು ನಿರ್ಧರಿಸುವುದು ಎತ್ತರ. ಬಯಲಿನಲ್ಲಿ ರೇಡಿಯೊ ದಿಗಂತದ ಲೆಕ್ಕ ಸರಳ: ಆಂಟೆನಾದ ಎತ್ತರ ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಎರಡೂ ಕಡೆಯವರ ಲೆಕ್ಕವನ್ನು ಕೂಡಿಸಬೇಕು. ನಿಂತು ಮಾತಾಡುವ ಇಬ್ಬರ ಸೆಟ್ 1.5 ಮೀಟರ್ ಎತ್ತರದಲ್ಲಿದ್ದರೆ ತಲಾ 5, ಒಟ್ಟು 10 ಕಿಲೋಮೀಟರ್. ಜಾಹೀರಾತಿನ ಹತ್ತು ಕಿಲೋಮೀಟರ್ ಬಂದದ್ದು ಇಂಥ ಲೆಕ್ಕದಿಂದಲೇ, ಮನೆ, ಮರ, ಗುಡ್ಡ ಒಂದೂ ಇಲ್ಲದ ಬಯಲಿನದು. ಊರೊಳಗೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಪುಣ್ಯ. ಅದೇ ನಂದಿಬೆಟ್ಟದ ತುದಿ ಬೆಂಗಳೂರಿನ ನೆಲಕ್ಕಿಂತ ಸುಮಾರು 550 ಮೀಟರ್ ಎತ್ತರ. ಅಷ್ಟು ಎತ್ತರದಲ್ಲಿ ನಿಂತವನ ದಿಗಂತವೊಂದೇ 95 ಕಿಲೋಮೀಟರ್ ದಾಟುತ್ತದೆ, ಕೈಯಲ್ಲಿ 1 ವ್ಯಾಟ್ ಇದ್ದರೂ ಅಷ್ಟೇ. ರಿಪೀಟರುಗಳನ್ನು ಬೆಟ್ಟದ ಮೇಲೆ, ಎತ್ತರದ ಕಟ್ಟಡದ ಮೇಲೆ ಕೂರಿಸುವುದು ಇದಕ್ಕೇ.

ಹಳೇ ಸೆಟ್ ಕೊಳ್ಳುವುದಾದರೆ ಮಾರುವವರೂ ಲೈಸೆನ್ಸ್ ಇರುವ ಹ್ಯಾಮ್ ಆಗಿರಲಿ. ಮಾದರಿ, ಸೀರಿಯಲ್ ಸಂಖ್ಯೆ, ಇಬ್ಬರ ಕಾಲ್ ಸೈನ್, ದಿನಾಂಕ ಬರೆದು ಸಹಿ ಹಾಕಿದ ಒಂದು ಪತ್ರ ಪಡೆದು ಲೈಸೆನ್ಸಿನ ಜೊತೆಗೇ ಇಡಿ. ವಿದೇಶದಿಂದ ನೇರ ತರಿಸುವುದಾದರೆ ಆಮದಿಗೆ ಮೊದಲೇ ಅನುಮತಿ ಬೇಕು. ಇಲ್ಲದಿದ್ದರೆ ಪಾರ್ಸೆಲ್ ಕಸ್ಟಮ್ಸಿನಲ್ಲೇ ಉಳಿಯುತ್ತದೆ. ಲೈಸೆನ್ಸಿನ ಪ್ರತಿಯೊಂದನ್ನು ಸೆಟ್ಟಿನ ಚೀಲದಲ್ಲಿ ಸದಾ ಇಟ್ಟುಕೊಳ್ಳಿ. ರಸ್ತೆಯಲ್ಲಿ ಪೊಲೀಸರು ಕೇಳಿದರೆ ವಾದಕ್ಕಿಂತ ಕಾಗದ ಬೇಗ ಕೆಲಸ ಮಾಡುತ್ತದೆ. ಎಲ್ಲಿಂದ ಪ್ರಸಾರ ಮಾಡಬಹುದು, ಎಷ್ಟು ಶಕ್ತಿಯವರೆಗೆ ಎಂಬುದು ನಿಮ್ಮ ಲೈಸೆನ್ಸಿನ ಷರತ್ತಿನಲ್ಲಿರುತ್ತದೆ. ಮನೆ ಬದಲಾಯಿಸಿದರೆ ಲೈಸೆನ್ಸಿನ ವಿಳಾಸವನ್ನೂ ಬದಲಾಯಿಸಿಕೊಳ್ಳಬೇಕು.

ರಿಪೀಟರ್ ತುಂಬುವುದು, ಗುಂಡಿ ಗುಂಡಿಯಾಗಿ

ರಿಪೀಟರ್ ಒಂದು ತರಂಗಾಂತರದಲ್ಲಿ ನಿಮ್ಮನ್ನು ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತದೆ. 2 ಮೀಟರಿನಲ್ಲಿ ಈ ಎರಡರ ಅಂತರ 600 ಕಿಲೋಹರ್ಟ್ಸ್. ಅನೇಕ ರಿಪೀಟರುಗಳು ಮಾತಿನ ಜೊತೆ ಕಿವಿಗೆ ಕೇಳದ ಒಂದು ಮಂದ್ರ ಟೋನ್ ಬಂದರೆ ಮಾತ್ರ ಎಚ್ಚರವಾಗುತ್ತವೆ. ಇದನ್ನು ಸಿಟಿಸಿಎಸ್‌ಎಸ್ ಎನ್ನುತ್ತಾರೆ. ಹಾಗಾಗಿ ನಿಮಗೆ ಬೇಕಾದ ಮಾಹಿತಿ ಮೂರು: ಕೇಳುವ ತರಂಗಾಂತರ, ಮಾತಾಡುವ ತರಂಗಾಂತರ, ಟೋನ್. ಇಲ್ಲಿ ಉದಾಹರಣೆಗೆ 145.700, 145.100, 88.5 ಎಂದಿಟ್ಟುಕೊಂಡು ಯುವಿ-5ಆರ್‌ನಲ್ಲಿ ತುಂಬುವುದನ್ನು ನೋಡೋಣ. ನಿಮ್ಮ ಊರಿನ ಸಂಖ್ಯೆಗಳನ್ನು ಕ್ಲಬ್ಬಿನಲ್ಲಿ ಕೇಳಿ ಪಡೆಯಿರಿ.

1. ಆಂಟೆನಾ ತಿರುಗಿಸಿ ಬಿಗಿ ಮಾಡಿ. ಆಂಟೆನಾ ಇಲ್ಲದೆ ಮಾತಾಡುವ ಗುಂಡಿ ಒತ್ತಿದರೆ ಹೊರಹೋಗಲಾರದ ಶಕ್ತಿ ಹಿಂದಿರುಗಿ ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಸುಡಬಹುದು.

2. ವಿಎಫ್‌ಒ/ಎಂಆರ್ ಗುಂಡಿಯಿಂದ ತರಂಗಾಂತರ ಮೋಡಿಗೆ ಬನ್ನಿ. ಎ/ಬಿ ಒತ್ತಿ ಮೇಲಿನ ಸಾಲನ್ನು ಆರಿಸಿ. ಕೆಳಗಿನ ಸಾಲಿನಲ್ಲಿ ಮಾಡಿದರೆ ಮೆಮೊರಿಗೆ ಸರಿಯಾಗಿ ಹೋಗುವುದಿಲ್ಲ.

3. ಮೆನು 7ನ್ನು, ಅಂದರೆ ಎರಡು ಸಾಲನ್ನೂ ಕಾಯುವ ಟಿಡಿಆರ್ ಅನ್ನು, ಆಫ್ ಮಾಡಿ. ಇದು ಆನ್ ಇದ್ದರೆ ನೀವು ಒಂದರಲ್ಲಿ ಮಾತಾಡುತ್ತಿದ್ದೇನೆ ಎಂದುಕೊಂಡಾಗ ಸೆಟ್ ಇನ್ನೊಂದಕ್ಕೆ ಹಾರಿರುತ್ತದೆ.

4. ಮೆನು 28ರಲ್ಲಿ 001ನೇ ಚಾನೆಲ್ ಅಳಿಸಿ. ಕಾರ್ಖಾನೆಯಲ್ಲಿ ತುಂಬಿದ ಚಾನೆಲ್‌ಗಳು ನಮ್ಮ ಬ್ಯಾಂಡಿನಲ್ಲಿರುವುದು ಅಪರೂಪ. ಒಂದನ್ನೂ ಉಳಿಸದೆ ಅಳಿಸುವುದು ಕ್ಷೇಮ.

5. ಮೆನು 10, 11, 12 ಮೂರನ್ನೂ ಆಫ್ ಮಾಡಿ, ಮೆನು 13ರಲ್ಲಿ 88.5 ಇಡಿ. 13 ಎಂದರೆ ನೀವು ಕಳಿಸುವ ಟೋನ್, 11 ಎಂದರೆ ಕೇಳಲು ಬೇಕಾದ ಟೋನ್. ಎರಡರಲ್ಲೂ ಇಟ್ಟು, ರಿಪೀಟರ್ ಟೋನ್ ಹಿಂದಿರುಗಿಸದಿದ್ದರೆ ಸೆಟ್ ಮೂಕವಾಗಿ ಕುಳಿತಿರುತ್ತದೆ.

6. 145700 ಒತ್ತಿ. ಮೆನು, 27, ಮೆನು, ಬಾಣದಿಂದ 001, ಮೆನು. ಕೇಳುವ ತರಂಗಾಂತರ ಉಳಿಯಿತು. ಎಕ್ಸಿಟ್ ಒತ್ತಿ.

7. ಈಗ 145100 ಒತ್ತಿ, ಮತ್ತೆ 27ಕ್ಕೆ ಹೋಗಿ ಅದೇ 001ಕ್ಕೆ ಉಳಿಸಿ. ಎರಡನೇ ಸಲ ಉಳಿಸಿದ್ದು ಮಾತಾಡುವ ತರಂಗಾಂತರವಾಗಿ ಸೇರುತ್ತದೆ. ಈ ಏಳನೇ ಹಂತ ಬಿಟ್ಟುಹೋದರೆ ರಿಪೀಟರ್ ಕೇಳಿಸುತ್ತದೆ, ನೀವು ಮಾತ್ರ ಯಾರಿಗೂ ಕೇಳಿಸುವುದಿಲ್ಲ.

8. ವಿಎಫ್‌ಒ/ಎಂಆರ್ ಒತ್ತಿ ಚಾನೆಲ್ ಮೋಡಿಗೆ ಬನ್ನಿ. ನಕ್ಷತ್ರದ ಗುಂಡಿಯನ್ನು ಒಮ್ಮೆ ಮುಟ್ಟಿ ಬಿಟ್ಟರೆ ಕೇಳುವುದೂ ಮಾತಾಡುವುದೂ ಅದಲುಬದಲಾಗಿ ತೋರಿಸುತ್ತದೆ, 145.100 ಕಂಡರೆ ಸರಿಯಾಗಿದೆ. ಮತ್ತೆ ಮುಟ್ಟಿ ಹಿಂದಕ್ಕೆ ತನ್ನಿ.

ತರಂಗಾಂತರದ ಕೊನೆಯಲ್ಲಿ 12.5 ಬರುವಂತಿದ್ದರೆ, ಉದಾಹರಣೆಗೆ 145.7125, ಮೊದಲು ಮೆನು 1ರಲ್ಲಿ ಸ್ಟೆಪ್ 12.5 ಮಾಡಬೇಕು. ಇಲ್ಲದಿದ್ದರೆ ಸೆಟ್ ತನಗೆ ತೋಚಿದ ಹತ್ತಿರದ ಸಂಖ್ಯೆ ಹಿಡಿದುಕೊಂಡು ನಿಮ್ಮ ದನಿ ಒಡೆದಂತೆ ಕೇಳುತ್ತದೆ. ಮೆನು 39ರ ರೋಜರ್ ಬೀಪನ್ನು ಆಫ್ ಮಾಡಿಬಿಡಿ. ಪ್ರತಿ ಮಾತಿನ ಕೊನೆಗೂ ಕೀಂ ಎನ್ನುವ ಅದನ್ನು ಇಷ್ಟಪಡುವ ಹಳಬರು ಇನ್ನೂ ಹುಟ್ಟಿಲ್ಲ.

ಹತ್ತಾರು ಚಾನೆಲ್ ತುಂಬಬೇಕಾದರೆ ಕಂಪ್ಯೂಟರಿನಲ್ಲಿ ಚರ್ಪ್ ಎಂಬ ಉಚಿತ ತಂತ್ರಾಂಶ ಬಳಸಿ. ಮೊದಲು ಸೆಟ್ಟಿನಲ್ಲಿರುವುದನ್ನು ಇಳಿಸಿಕೊಂಡು ಒಂದು ಪ್ರತಿ ಉಳಿಸಿ, ಆಮೇಲೆ ತಿದ್ದಿ ಏರಿಸಿ. ಬೇರೆ ಮಾದರಿಯ ಫೈಲನ್ನು ನೇರ ಏರಿಸಿದರೆ ಸೆಟ್ ತಿಕ್ಕಲಾಡುತ್ತದೆ. ಕೇಬಲ್ ಸಿಕ್ಕಿಸಿದರೂ ಕಂಪ್ಯೂಟರ್ ಸೆಟ್ಟನ್ನು ಗುರುತಿಸದಿದ್ದರೆ ಎರಡು ಕಾರಣ ಸಾಮಾನ್ಯ: ಅಗ್ಗದ ಕೇಬಲಿನ ನಕಲಿ ಚಿಪ್ಪನ್ನು ಹೊಸ ಡ್ರೈವರ್ ಒಪ್ಪುತ್ತಿಲ್ಲ, ಅಥವಾ ಎರಡು ಪಿನ್ನಿನ ಪ್ಲಗ್ ಪೂರ್ತಿ ಒಳಹೋಗಿಲ್ಲ. ಎರಡನೆಯದೇ ಹೆಚ್ಚು. 'ಟಕ್' ಎನ್ನುವವರೆಗೆ ಒತ್ತಿ.

ದುಡ್ಡು ಹಾಕಬೇಕಾದ ಜಾಗ: ಆಂಟೆನಾ

ಸೆಟ್ಟಿನ ಜೊತೆ ಬರುವ ಮೋಟು ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಅಲೆಗಳಿಗೆ ಅಲ್ಲ. ಉದ್ದನೆಯದು ಕೊಳ್ಳುವಾಗ ಕನೆಕ್ಟರ್ ನೋಡಿ: ಯುವಿ-5ಆರ್‌ಗೆ ಬೇಕಾದದ್ದು ಎಸ್‌ಎಂಎ ಫೀಮೇಲ್ ಇರುವ ಆಂಟೆನಾ, ಯಾಸುಗೆ ಎಸ್‌ಎಂಎ ಮೇಲ್. ತಪ್ಪಾಗಿ ತರಿಸಿದರೆ ತಿರುಪು ಕೂರುವುದೇ ಇಲ್ಲ. ದಮ್ಮಡಿ ಖರ್ಚಿಲ್ಲದ ಉಪಾಯ ಒಂದಿದೆ. 50 ಸೆಂಟಿಮೀಟರ್ ಉದ್ದದ ತೆಳು ವೈರಿನ ಒಂದು ತುದಿಯನ್ನು ಸುಲಿದು ಆಂಟೆನಾ ಕನೆಕ್ಟರಿನ ಹೊರ ಲೋಹಕ್ಕೆ ತಾಗುವಂತೆ ಸುತ್ತಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ಒಳಗಿನ ಪಿನ್ನಿಗೆ ಮಾತ್ರ ತಾಗಬಾರದು. ಹ್ಯಾಂಡಿ ಆಂಟೆನಾಗೆ ಇಲ್ಲದ ಇನ್ನೊಂದು ಅರ್ಧವನ್ನು ಈ ಬಾಲ ಒದಗಿಸುತ್ತದೆ, 2 ಮೀಟರಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಮಹಡಿಗೆ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್ ಎಂಬ ಕಾಲು ಅಲೆಯುದ್ದದ ಆಂಟೆನಾ ಕಟ್ಟಿಕೊಳ್ಳಿ. 300ನ್ನು 145ರಿಂದ ಭಾಗಿಸಿದರೆ ಅಲೆಯುದ್ದ 2.07 ಮೀಟರ್, ಕಾಲುಭಾಗ 51.7 ಸೆಂಟಿಮೀಟರ್, ಲೋಹದಲ್ಲಿ ಅಲೆ ತುಸು ಕುಗ್ಗುವುದರಿಂದ ಸುಮಾರು 49. ಬೇಕಾದದ್ದು ಒಂದು ಎಸ್‌ಒ-239 ಚಾಸಿ ಸಾಕೆಟ್, ನಾಲ್ಕು ಮೂಲೆಗೆ 3 ಮಿಲಿಮೀಟರಿನ ಬೋಲ್ಟು ನಟ್ಟು, ಮನೆ ವೈರಿಂಗಿಗೆ ಬಳಸುವ 4 ಚದರ ಮಿಲಿಮೀಟರಿನ ಒಂದೇ ಎಳೆಯ ತಾಮ್ರದ ವೈರ್ ಮೂರು ಮೀಟರ್. ಅಂಗಡಿಯಲ್ಲಿ ಹಲವು ಎಳೆಯದೇ ಸಿಕ್ಕರೆ ಆ ದಪ್ಪದ ಹಿತ್ತಾಳೆ ಕಡ್ಡಿ ತನ್ನಿ. ಅಲ್ಯೂಮಿನಿಯಂ ಬೇಡ, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ.

ನೆಟ್ಟಗೆ ನಿಲ್ಲುವ ಕಡ್ಡಿಯನ್ನು ಮೊದಲು 51 ಸೆಂಟಿಮೀಟರಿಗೆ ಕತ್ತರಿಸಿ ಸಾಕೆಟ್ಟಿನ ನಡುವಿನ ಪಿನ್ನಿಗೆ ಬೆಸೆಯಿರಿ. ಬುಡದಿಂದ ಸುತ್ತ ಚಾಚುವ ನಾಲ್ಕು ಕಡ್ಡಿಗಳು, ಅಂದರೆ ರೇಡಿಯಲ್‌ಗಳು, ತಲಾ 52 ಸೆಂಟಿಮೀಟರ್, ತುದಿಗೆ ಕಣ್ಣು ಮಾಡಿ ಮೂಲೆಯ ಬೋಲ್ಟಿಗೆ ಬಿಗಿದು 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಬಗ್ಗಿಸುವುದು ಅಂದಕ್ಕಲ್ಲ: ಅಡ್ಡಡ್ಡ ಇದ್ದಾಗ 36 ಓಮ್ ಆಸುಪಾಸು ಇರುವ ಪ್ರತಿರೋಧ ಬಗ್ಗಿಸಿದಾಗ ಕೇಬಲಿನ 50 ಓಮಿಗೆ ಹೊಂದುತ್ತದೆ. ಇನ್ನು ಎಸ್‌ಡಬ್ಲ್ಯುಆರ್ ಅನ್ನು, ಅಂದರೆ ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆಯನ್ನು, ಅದರ ಮೀಟರಿನಲ್ಲೋ ನ್ಯಾನೊವಿಎನ್‌ಎ ಎಂಬ ಉಪಕರಣದಲ್ಲೋ ನೋಡಿ. ಅದು ಅತಿ ಕಡಿಮೆ ಇರುವ ತರಂಗಾಂತರ 145ಕ್ಕಿಂತ ಕೆಳಗಿದ್ದರೆ ಕಡ್ಡಿ ಉದ್ದವಾಗಿದೆ. ಒಂದು ಸೆಂಟಿಮೀಟರ್ ಕತ್ತರಿಸಿದರೆ ಸುಮಾರು 3 ಮೆಗಾಹರ್ಟ್ಸ್ ಮೇಲೇರುತ್ತದೆ, ಆದ್ದರಿಂದ ಒಮ್ಮೆಗೆ 2 ಮಿಲಿಮೀಟರಿಗಿಂತ ಹೆಚ್ಚು ಕತ್ತರಿಸಬೇಡಿ. ಎಸ್‌ಡಬ್ಲ್ಯುಆರ್ 1.5ರೊಳಗೆ ಬಂದರೆ ನಿಲ್ಲಿಸಿ. ಅಲ್ಲಿಂದಾಚೆ 1.1 ಮಾಡಲು ಹೊರಡುವುದು ಸಮಯ ಕಳೆಯುವ ದಾರಿ, ಕೇಳುವವನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಕೇಬಲಿನಲ್ಲಿ ಕಂಜೂಸಿ ಮಾಡಿದರೆ ಮಾಡಿದ್ದೆಲ್ಲ ನೀರುಪಾಲು. ತೆಳುವಾದ ಆರ್‌ಜಿ-58 ಕೇಬಲ್ 10 ಮೀಟರಿಗೆ 2 ಮೀಟರ್ ಬ್ಯಾಂಡಿನಲ್ಲಿ ಸುಮಾರು 2 ಡೆಸಿಬೆಲ್ ನುಂಗುತ್ತದೆ, ಅಂದರೆ ನಿಮ್ಮ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಂಟೆನಾ ಮುಟ್ಟುವ ಮೊದಲೇ ಬಿಸಿಯಾಗಿ ಹೋಗುತ್ತದೆ. ಆರ್‌ಜಿ-213ರಲ್ಲಿ ನಷ್ಟ ಅದರ ಅರ್ಧದಷ್ಟು. 70 ಸೆಂಟಿಮೀಟರಿನಲ್ಲಿ ಎರಡರದ್ದೂ ಇನ್ನೂ ಹೆಚ್ಚು. ಟಿವಿ ಕೇಬಲ್ 75 ಓಮ್, ಇದಕ್ಕೆಂದು ತರಬೇಡಿ. ಕನೆಕ್ಟರಿನ ಮೇಲೆ ತನಗೆ ತಾನೇ ಅಂಟುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಬಾಗು ಕೆಳಗಿಳಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ. ಕರಾವಳಿಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಎಸ್‌ಡಬ್ಲ್ಯುಆರ್ ಏಕಾಏಕಿ ಏರಿತೆಂದರೆ ಕೇಬಲಿನೊಳಗೆ ನೀರು ಹೊಕ್ಕಿದೆ ಎಂದೇ ಲೆಕ್ಕ. ಒಣಗಿಸಲು ಹೋಗಬೇಡಿ, ಬದಲಾಯಿಸಿ.

ಕರೆಂಟ್ ಲೈನಿನಿಂದ ಆಂಟೆನಾ ಕಂಬದ ಎತ್ತರದ ಎರಡರಷ್ಟಾದರೂ ದೂರವಿರಲಿ. ಏರಿಸುವಾಗ ಕೈತಪ್ಪಿ ಬಿದ್ದರೂ ಲೈನಿಗೆ ತಾಗಬಾರದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಕೇಳಿದ ಕೂಡಲೇ ಕೇಬಲ್ ಕಿತ್ತು ಮನೆಯ ಹೊರಗಿಡಿ.

ಮೊದಲ ಮಾತು

ಐದು ನಿಮಿಷ ಸುಮ್ಮನೆ ಕೇಳಿ. ಯಾರಾದರೂ ಮಾತಾಡುತ್ತಿದ್ದರೆ ಅವರು ಬಿಡುವ ನಡುವಿನ ಕ್ಷಣದಲ್ಲಿ ನಿಮ್ಮ ಕಾಲ್ ಸೈನ್ ಅಷ್ಟೇ ಹೇಳಿ, ಕರೆದರೆ ಮುಂದುವರಿಸಿ. ಯಾರೂ ಇಲ್ಲದಿದ್ದರೆ 'ವಿಕ್ಟರ್ ಯೂನಿಫಾರ್ಮ್ ತ್ರೀ' ಎಂದು ಶುರುಮಾಡಿ ನಿಮ್ಮ ಉಳಿದ ಅಕ್ಷರ ಸೇರಿಸಿ, 'ಮಾನಿಟರಿಂಗ್' ಎನ್ನಿ. 'ಹಲೋ ಹಲೋ, ಯಾರಾದ್ರೂ ಇದೀರಾ' ಎಂದು ಕರೆದರೆ ಉತ್ತರ ಬರುವುದು ಅನುಮಾನ, ಕಾಲ್ ಸೈನ್ ಇಲ್ಲದ ದನಿಗೆ ಉತ್ತರಿಸಲು ಹ್ಯಾಮ್‌ಗಳು ಹಿಂಜರಿಯುತ್ತಾರೆ.

ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತು ಶುರುಮಾಡಿ. ರಿಪೀಟರ್ ಏಳಲು ಅಷ್ಟು ಸಮಯ ಬೇಕು, ಇಲ್ಲದಿದ್ದರೆ ಕಾಲ್ ಸೈನಿನ ತಲೆಯೇ ಹಾರಿಹೋಗುತ್ತದೆ. ಮೈಕಿನಿಂದ ನಾಲ್ಕೈದು ಸೆಂಟಿಮೀಟರ್ ದೂರ, ಮಾಮೂಲಿ ದನಿ. ಕಿರುಚಿದರೆ ದೂರ ಹೋಗುವುದಿಲ್ಲ, ಒಡೆಯುತ್ತದೆ ಅಷ್ಟೇ. ಆಂಟೆನಾವನ್ನು ನೆಟ್ಟಗೆ ಹಿಡಿಯಿರಿ. ವಾರೆಯಾಗಿ ಹಿಡಿದರೆ ಧ್ರುವೀಕರಣ ತಪ್ಪಿ ಸಿಗ್ನಲ್ ಬಿದ್ದುಹೋಗುತ್ತದೆ. ಅವರ ಮಾತು ಮುಗಿದ ಮೇಲೂ ಒಂದೆರಡು ಸೆಕೆಂಡ್ ಬಿಟ್ಟು ಒತ್ತಿ, ತುರ್ತಿದ್ದವರು ನಡುವೆ ಬರಲು ಜಾಗವಿರಲಿ.

ಕನ್ನಡದಲ್ಲಿ ಮಾತಾಡಲು ಅಡ್ಡಿಯಿಲ್ಲ. ನಿಷಿದ್ಧವಾದದ್ದು ವ್ಯಾಪಾರ, ಹಾಡು ಹಾಕುವುದು, ಗುಪ್ತ ಸಂಕೇತ, ಲೈಸೆನ್ಸ್ ಇಲ್ಲದ ಮೂರನೆಯವರ ಸಂದೇಶ ಸಾಗಿಸುವುದು, ಅಶ್ಲೀಲ. ರಾಜಕೀಯ, ಧರ್ಮದ ಜಗಳವನ್ನೂ ಹೊರಗಿಡಿ. ನಿಮ್ಮ ಕಾಲ್ ಸೈನ್‌ನಲ್ಲಿ ಮನೆಯವರು ಮಾತಾಡುವಂತಿಲ್ಲ, ಪಕ್ಕದಲ್ಲಿ ನೀವೇ ಕುಳಿತಿದ್ದರೂ. ವಯಸ್ಸಿನ ಭೇದವಿಲ್ಲದೆ ಎಲ್ಲ ಗಂಡಸರೂ ಇಲ್ಲಿ 'ಓಎಂ' (ಓಲ್ಡ್ ಮ್ಯಾನ್), ಹೆಂಗಸರು 'ವೈಎಲ್' (ಯಂಗ್ ಲೇಡಿ). ನಮ್ಮವರು ಅದರ ಜೊತೆಗೆ ಒಂದು 'ಸರ್' ಸೇರಿಸಿಯೇ ತೀರುತ್ತಾರೆ. ಬೀಳ್ಕೊಡುವಾಗ 'ಸೆವೆಂಟಿ ತ್ರೀ', ಅಂದರೆ ಶುಭ ಹಾರೈಕೆ.

ಲಾಗ್ ಪುಸ್ತಕ ಮೊದಲ ದಿನದಿಂದಲೇ ಬರೆಯಿರಿ: ದಿನಾಂಕ, ಸಮಯ, ತರಂಗಾಂತರ, ಎದುರಿನವರ ಕಾಲ್ ಸೈನ್, ಸಿಗ್ನಲ್ ಹೇಗಿದೆ ಎಂದು ಕೊಟ್ಟ ವರದಿ, ಪಡೆದ ವರದಿ. ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡರೆ ವಿದೇಶದವರೊಂದಿಗೆ ತಾಳೆ ಹಾಕುವುದು ಸುಲಭ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ, ಸಂಜೆ 7.30 ಎಂದರೆ 14.00.

ಹ್ಯಾಂಡಿಯಲ್ಲೇ ಸಿಗುವ ಒಂದು ಮೋಜು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವಾಗ 145.800 ಮೆಗಾಹರ್ಟ್ಸ್ ಕೇಳಿ. ಗಗನಯಾತ್ರಿಗಳು ಶಾಲಾ ಮಕ್ಕಳೊಂದಿಗೆ ಮಾತಾಡುವುದು, ಕೆಲವು ದಿನ ಚಿತ್ರ ಕಳಿಸುವ ಎಸ್‌ಎಸ್‌ಟಿವಿ ಸದ್ದು ಅಲ್ಲಿ ಬರುತ್ತದೆ. ಒಮ್ಮೆ ಹಾದುಹೋಗಲು ಹೆಚ್ಚೆಂದರೆ ಹತ್ತು ನಿಮಿಷ. ಹತ್ತಿರ ಬರುವಾಗ ತರಂಗಾಂತರ 3.5 ಕಿಲೋಹರ್ಟ್ಸಿನಷ್ಟು ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಜರುಗುವುದರಿಂದ ಸೆಟ್ಟನ್ನು ವೈಡ್ ಎಫ್‌ಎಂನಲ್ಲಿಡಿ (ಮೆನು 5).

ಊರ ರಿಪೀಟರ್ ಬೇಸರ ಬಂದು ಹೊರದೇಶ ಕರೆಯತೊಡಗಿದಾಗ 7 ಮೆಗಾಹರ್ಟ್ಸಿಗೆ ಹೋಗಿ. ಅಲ್ಲಿಗೆ ಹೊಸಬರ ಕೈಗೆಟಕುವ ದಾರಿ ಹೈದರಾಬಾದಿನ ಅಶ್‌ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್‌ಎಕ್ಸ್ ಸರಣಿಯ ಕಿಟ್‌ಗಳು. ಮೈಕ್ರೊಬಿಟ್‌ಎಕ್ಸ್ 3ರಿಂದ 30 ಮೆಗಾಹರ್ಟ್ಸ್‌ವರೆಗೆ, ಸುಮಾರು 10 ವ್ಯಾಟ್. ಆಂಟೆನಾ ಒಂದು ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ಸಮ ತಂತಿ: 143ನ್ನು 7.1ರಿಂದ ಭಾಗಿಸಿದರೆ 20.1 ಮೀಟರ್, ಎರಡು ಕಡೆಗೆ ತಲಾ 10 ಮೀಟರ್ ಚಿಲ್ಲರೆ. ಅಷ್ಟು ಉದ್ದದ ಜಾಗ ಇಲ್ಲದವರು ನಡುವನ್ನು ಕಂಬಕ್ಕೆ ಏರಿಸಿ ಎರಡು ತುದಿಗಳನ್ನು ಕೆಳಕ್ಕೆ ಇಳಿಬಿಡಬಹುದು, ತುದಿಗಳು ಕೈಗೆ ಎಟುಕದಷ್ಟು ಎತ್ತರದಲ್ಲಿ ಮಾತ್ರ ಇರಲಿ, ಪ್ರಸಾರದ ವೇಳೆ ಹೆಚ್ಚಿನ ವೋಲ್ಟೇಜ್ ಇರುವುದು ಅಲ್ಲೇ. ಕತ್ತರಿಸುವಾಗ ಪ್ರತಿ ಕಡೆ ಅರ್ಧ ಮೀಟರ್ ಹೆಚ್ಚಿಗೆ ಬಿಟ್ಟು, ಏರಿಸಿ ಅಳೆದ ಮೇಲೆ ಎರಡೂ ಕಡೆ ಸಮಸಮ ಕತ್ತರಿಸುತ್ತ ಬನ್ನಿ.